ಹತ್ತು ಅಡಿ ಅಟ್ಟಕ್ಕೆ ಹದಿನಾಲ್ಕು ಅಡಿ ಹಗ್ಗ

ಎಸ್ಟೇಟ್ ಡಿಸ್ಪೆನ್ಸರಿ, ಹೊನ್ನೇರಿಕಾಡು,
ಪಾಲಿಬೆಟ್ಟದ ಹತ್ತಿರ, ಕೊಡಗು ರಾಜ್ಯ
ಶನಿವಾರ, 22ನೇ ಜನವರಿ 1955

ಹೊನ್ನೇರಿಕಾಡು ಕಾಫಿ ಎಸ್ಟೇಟಿನ ಸೂಪರಿಂಟೆಂಡೆಂಟ್ ಸಾಹೇಬರ ಸನ್ನಿಧಾನಕ್ಕೆ, ಅದೇ ಎಸ್ಟೇಟಿನ ಕಾಂಪೌಂಡರ್ ಪೂವಯ್ಯ ಕೈಮುಗಿದು ಬರೆದುಕೊಳ್ಳುವ, ಮತ್ತು ಪಾಲಿಬೆಟ್ಟದ ಸಂತೆಗೆ ಬಂದವರು ಯಾರು ಬೇಕಾದರೂ ನಿಂತು ಓದಬಹುದಾದ ಬಹಿರಂಗ ಪತ್ರ.

ಮಾನ್ಯರೇ,

ತಾವೂ, ತಮ್ಮ ಮನೆಯವರೂ, ತಮ್ಮ ಎರಡು ನಾಯಿಗಳೂ, ಬಂಗಲೆಯ ಜಗಲಿಯ ಮೇಲಿರುವ ಇಪ್ಪತ್ತೆಂಟು ಹೂಕುಂಡಗಳೂ ಕ್ಷೇಮವಾಗಿರುವಿರೆಂದು ನಂಬಿ ಈ ನಾಲ್ಕು ಸಾಲು ಬರೆಯುವ ಧೈರ್ಯ ಮಾಡಿದ್ದೇನೆ. ತಮ್ಮ ಆರೋಗ್ಯದ ಬಗ್ಗೆ ಆಗಾಗ ವಿಚಾರಿಸಿಕೊಳ್ಳುವುದು ನನ್ನ ಕರ್ತವ್ಯ. ಹೂಕುಂಡಗಳ ಆರೋಗ್ಯದ ಬಗ್ಗೆ ಮಾತ್ರ ನನಗೆ ಯಾವ ಚಿಂತೆಯೂ ಇಲ್ಲ, ಅದರ ಕಾರಣವನ್ನು ಮುಂದೆ ನಿವೇದಿಸಿಕೊಳ್ಳುತ್ತೇನೆ.

ಈ ಪತ್ರವನ್ನು ಓದುವ ಹೊರಗಿನವರಿಗಾಗಿ ನನ್ನ ಪರಿಚಯವನ್ನೂ ಹೇಳಿಬಿಡುತ್ತೇನೆ. ನಾನು ಭಾಗಮಂಡಲದ ಕಡೆಯವನು, ಒಂಬತ್ತು ವರ್ಷದಿಂದ ತಮ್ಮ ಎಸ್ಟೇಟಿನ ಡಿಸ್ಪೆನ್ಸರಿಯಲ್ಲಿ ಕಾಂಪೌಂಡರ್. ಡಾಕ್ಟರು ತಿಂಗಳಿಗೆ ಎರಡು ಸಲ ಬರುತ್ತಾರೆ, ಉಳಿದ ದಿನ ಲೈನಿನ, ಅಂದರೆ ಆಳುಗಳ ಸಾಲುಮನೆಗಳ, ಜನ ನನ್ನನ್ನೇ ಡಾಕ್ಟ್ರೇ ಎಂದು ಕರೆದು ಸಮಾಧಾನ ಪಟ್ಟುಕೊಳ್ಳುತ್ತಾರೆ. ಜ್ವರಕ್ಕೆ ಮಿಕ್ಸ್ಚರು, ಗಾಯಕ್ಕೆ ಟಿಂಚರು, ಹೊಟ್ಟೆನೋವಿಗೆ ಓಮದ ನೀರು ಕೊಟ್ಟುಕೊಂಡು ನನ್ನ ಪಾಡಿಗೆ ನಾನಿದ್ದೆ. ನನ್ನ ದಾಖಲೆ ಪುಸ್ತಕದಲ್ಲಿ 'ಬಿದ್ದದ್ದು' ಎಂಬುದೊಂದು ಕಾಲಂ ಇದೆ. ಅದು ಈ ಕೊಯ್ಲಿನಲ್ಲಿ ಎಷ್ಟು ಬೇಗ ತುಂಬುತ್ತಾ ಬಂದಿತೆಂದರೆ ಪಕ್ಕದ 'ಹೊಟ್ಟೆನೋವು' ಕಾಲಮ್ಮಿನ ಜಾಗವನ್ನೂ ಅದಕ್ಕೇ ಬಿಟ್ಟುಕೊಡಬೇಕಾಯಿತು.

ಬಿದ್ದವರೆಲ್ಲ ಬಿದ್ದದ್ದು ಒಂದೇ ಕಡೆ, ನಮ್ಮ ಪಲ್ಪರ್ ಮನೆಯಲ್ಲಿ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ ಕೆಳಗಿದೆ, ಅದರ ಬಾಯಿಗೆ ಹಣ್ಣು ಸುರಿಯುವ ಮರದ ಅಟ್ಟ ಮೇಲಿದೆ. ನೆಲದಿಂದ ಅಟ್ಟಕ್ಕೆ ಸರಿಯಾಗಿ ಹತ್ತು ಅಡಿ. ಹತ್ತುವುದಕ್ಕೆ ಇಳಿಜಾರಾಗಿ ಇಟ್ಟ ಒಂದು ಉದ್ದದ ಹಲಗೆ. ಇಪ್ಪತ್ತಾರು ಹೆಂಗಸರು ಹಣ್ಣಿನ ಮೂಟೆಯನ್ನು ತಲೆಯ ಮೇಲೆ ಹೊತ್ತು ಆ ಹಲಗೆಯ ಮೇಲೆ ನಡೆದು ಹೋಗಿ, ಸುರಿದು, ಅದೇ ಹಲಗೆಯಲ್ಲಿ ಇಳಿದು ಬರುತ್ತಾರೆ. ಹಣ್ಣಿನ ಲೋಳೆ ಸೋರಿ ಸೋರಿ ಅಟ್ಟದ ಮೇಲೆ ಸೋಪು ಹಚ್ಚಿದ ಹಾಗೆ ಇರುತ್ತದೆ. ಅಟ್ಟದ ಒಂದು ಕಡೆ ಗೋಡೆ ಇದೆ. ಮಿಕ್ಕ ಕಡೆ ತಂಪಾದ ಗಾಳಿ ಧಾರಾಳವಾಗಿ ಬರಲೆಂದು ತಾವು ಏನನ್ನೂ ಕಟ್ಟಿಸಿಲ್ಲ.

ಹೋದ ನವೆಂಬರ್ ಇಪ್ಪತ್ತೆರಡನೆಯ ತಾರೀಕು ಸೋಮವಾರ, ಮಧ್ಯಾಹ್ನ ಮೂರು ಗಂಟೆಗೆ, ಲಿಂಗಿ ಆ ಗಾಳಿ ಬರುವ ಕಡೆಯಿಂದ ಬಿದ್ದಳು. ಹದಿಮೂರು ವರ್ಷದಿಂದ ಮೂಟೆ ಹೊತ್ತವಳು. ಅದು ಆ ದಿನದ ಹತ್ತೊಂಬತ್ತನೆಯ ಮೂಟೆ. ಖಾಲಿ ಚೀಲ ಕೊಡವಿಕೊಂಡು ತಿರುಗುವಾಗ ಹಿಮ್ಮಡಿ ಜಾರಿತು. ಕೆಳಗೆ ತೊಟ್ಟಿಯ ಕಲ್ಲಿನ ಅಂಚಿಗೆ ಎಡಗಾಲು ಬಡಿದು, ಮೊಣಕಾಲಿನ ಕೆಳಗೆ ಮೂಳೆ ಎರಡಾಯಿತು. ನಾನು ಓಡಿ ಹೋಗಿ ಬಿದಿರಿನ ದಬ್ಬೆ ಇಟ್ಟು ಕಟ್ಟುವಾಗ ಅವಳು ಹಲ್ಲು ಕಚ್ಚಿಕೊಂಡು ನನ್ನ ಕೈ ಹಿಡಿದು ಹೇಳಿದ ಮೊದಲ ಮಾತನ್ನು ತಮ್ಮ ಅವಗಾಹನೆಗೆ ತರುತ್ತಿದ್ದೇನೆ: "ಡಾಕ್ಟ್ರೇ, ಸುರ್ದಾದ್ ಮೇಲೇ ಬಿದ್ದದ್ದು ನಾನು. ಒಂದು ಹಣ್ಣೂ ಚೆಲ್ಲಿಲ್ಲ. ಮೇಸ್ತ್ರಿಗೆ ಹೇಳಿ." ಕಂಪನಿಯ ಹಿತವನ್ನು ಗಾಳಿಯಲ್ಲಿರುವಾಗಲೂ ಮರೆಯದ ಇಂಥ ನೌಕರರು ಎಷ್ಟು ಎಸ್ಟೇಟುಗಳಲ್ಲಿ ಇರುವರೋ ನಾನರಿಯೆ.

ಲಾರಿಯಲ್ಲಿ ಹುಲ್ಲು ಹಾಸಿ ಅವಳನ್ನು ಆಸ್ಪತ್ರೆಗೆ ಸಾಗಿಸಿ ಬಂದ ಮಾರನೆಯ ದಿನ ತಾವು ಖುದ್ದಾಗಿ ವಿಚಾರಣೆಗೆ ದಯಮಾಡಿಸಿದಿರಿ. ತಾವು ಅಟ್ಟ ಹತ್ತಲಿಲ್ಲ. ಕೆಳಗೇ ನಿಂತು ತಲೆಯೆತ್ತಿ ನೋಡಿದಿರಿ. ಬೀಳುವುದನ್ನು ಕೆಳಗಿನಿಂದ ನೋಡಿದರೆ ಅಪಾಯ ಬಹಳ ಕಡಿಮೆ ಎಂಬ ತಮ್ಮ ದೂರದೃಷ್ಟಿಗೆ ನಾನು ಅಂದೇ ಮನಸ್ಸಿನಲ್ಲಿ ನಮಸ್ಕರಿಸಿದೆ. ಮೂರು ನಿಮಿಷದಲ್ಲಿ ವಿಚಾರಣೆ ಮುಗಿಯಿತು. ಅಪಘಾತದ ರಿಜಿಸ್ಟರಿನಲ್ಲಿ 'ಕಾರಣ' ಎಂಬ ಕಡೆ ತಾವು ಹೇಳಿದ ಒಂದೇ ಪದವನ್ನು ಆಳುಗಳ ಮೇಲ್ವಿಚಾರಣೆಯ ಸಿದ್ದರಾಜು ಮೇಸ್ತ್ರಿ ಬರೆದುಕೊಂಡರು. ಆ ಪದ: 'ಅಜಾಗರೂಕತೆ'.

ಆದರೂ ಕಾರ್ಮಿಕರ ಮೇಲಿನ ಮಮತೆಯಿಂದ ತಾವು ಸುಮ್ಮನೆ ಕೂರಲಿಲ್ಲ. ಒಂದೇ ವಾರದಲ್ಲಿ ಒಂದು ಬೋರ್ಡು ಬಂದಿತು. ಬಿಳಿಯ ತಗಡಿನ ಮೇಲೆ ಕೆಂಪು ಅಕ್ಷರದಲ್ಲಿ, ನೋಡಿಕೊಂಡು ಹೆಜ್ಜೆ ಇಡಿ ಎಂಬ ಅರ್ಥ ಬರುವಂತೆ, ಶುದ್ಧ ಇಂಗ್ಲಿಷಿನಲ್ಲಿ. ಇಪ್ಪತ್ತಾರು ಹೆಂಗಸರಲ್ಲಿ ಇಂಗ್ಲಿಷ್ ಬಲ್ಲವರು ಯಾರೂ ಇಲ್ಲದ್ದರಿಂದ, ಅದರಲ್ಲಿ ಏನಿದೆ ಎಂಬ ಕುತೂಹಲ ಎಲ್ಲರಿಗೂ ಸಮನಾಗಿತ್ತು. ಅದನ್ನು ಹೊಡೆದದ್ದು ಅಟ್ಟದ ತುದಿಯ ಕಂಬಕ್ಕೆ. ಮೂಟೆ ಹೊತ್ತವರು ಕತ್ತು ತಿರುಗಿಸಿ ಅದನ್ನು ನೋಡಿಕೊಂಡೇ ಹೆಜ್ಜೆ ಇಟ್ಟರು. ಆ ವಾರದಲ್ಲಿ ಇಬ್ಬರು ಬಿದ್ದರು. ದೇವರ ದಯೆ, ಇಬ್ಬರೂ ಸಿಪ್ಪೆಯ ರಾಶಿಯ ಮೇಲೆ ಬಿದ್ದು, ವಾಸನೆ ಹೊರತು ಬೇರೆ ಪೆಟ್ಟಾಗದೆ ಎದ್ದು ಬಂದರು.

ಆಮೇಲೆ ತಾವು ಹಗ್ಗವನ್ನು ಕಳುಹಿಸಿಕೊಟ್ಟಿರಿ. ಸೊಂಟಕ್ಕೆ ಚರ್ಮದ ಪಟ್ಟಿ, ಪಟ್ಟಿಗೆ ಹಗ್ಗ, ಹಗ್ಗದ ತುದಿಗೆ ಕೊಕ್ಕೆ. ಅಟ್ಟ ಹತ್ತಿದ ಕೂಡಲೇ ಕೊಕ್ಕೆಯನ್ನು ಅಟ್ಟದ ಅಂಚಿನ ತೊಲೆಗೆ ಸಿಕ್ಕಿಸಬೇಕು, ಇಳಿಯುವಾಗ ತೆಗೆಯಬೇಕು. ಬಂದದ್ದು ಇಪ್ಪತ್ತಾರು ಹೆಂಗಸರಿಗೆ ಒಂದು. ತಲೆಯ ಮೇಲೆ ಮೂಟೆ ಇರುವಾಗ ಕೊಕ್ಕೆ ಸಿಕ್ಕಿಸಲು ಮೂರನೆಯ ಕೈಯನ್ನು ಎಲ್ಲಿಂದ ತರುವುದು ಎಂದು ತಮ್ಮ ಆದೇಶದಲ್ಲಿ ಇರಲಿಲ್ಲ. ಇರಲಿ. ನಾನು ಕುತೂಹಲಕ್ಕೆಂದು ಆ ಹಗ್ಗವನ್ನು ಅಳೆದು ನೋಡಿದೆ. ಹದಿನಾಲ್ಕು ಅಡಿ ಬಂದಿತು. ಸರಿಯಾಗಿ ಅಳೆದಿಲ್ಲವೇನೋ ಎಂದು ಮತ್ತೊಮ್ಮೆ ಅಳೆದೆ. ಹದಿನಾಲ್ಕೇ. ನಾನು ಲೆಕ್ಕದಲ್ಲಿ ಹುಷಾರಲ್ಲದವನು, ಆದರೂ ಹತ್ತು ಅಡಿ ಎತ್ತರದಿಂದ ಬಿದ್ದವಳು ನೆಲ ಮುಟ್ಟಿ, ಎದ್ದು ಕೂತು, ಸೀರೆ ಕೊಡವಿಕೊಂಡು, ಎರಡು ಹೆಜ್ಜೆ ನಡೆದಾದ ಮೇಲೆ ಆ ಹಗ್ಗ ಅವಳನ್ನು ಹಿಡಿದು ರಕ್ಷಿಸುತ್ತದೆ ಎಂಬುದು ನನಗೆ ಅರ್ಥವಾಯಿತು.

ಆ ಸಂಜೆ ಮನೆಯಲ್ಲಿ ನಾನು ತಮಗೆ ಒಂದು ವಿನಂತಿ ಪತ್ರ ಬರೆಯುತ್ತಾ ಕೂತಿದ್ದೆ. ನನ್ನ ಹೆಂಡತಿ ಕಮಲ ದೀಪದ ಗಾಜು ಒರೆಸುತ್ತಾ ನಮ್ಮ ಅರೆಭಾಷೆಯಲ್ಲಿ ಕೇಳಿದಳು: "ಬೀಳವರ್ನ ಹಿಡ್ಕಣಿಕೆ ನಿಮ್ಮ ಕಾಗದಕ್ಕೆ ಕೈ ಉಟ್ಟಾ?" ಬೀಳುವವರನ್ನು ಹಿಡಿದುಕೊಳ್ಳಲು ನಿಮ್ಮ ಕಾಗದಕ್ಕೆ ಕೈ ಇದೆಯೇ ಎಂದು ಅದರ ಅರ್ಥ. ಪತ್ರವನ್ನು ಮಡಿಸಿಟ್ಟು, ಮರುದಿನ ನಾನೇ ಬಂಗಲೆಗೆ ಬಂದೆ.

ಬರುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಲಿಂಗಿಯ ಲೈನ್ ಕೋಣೆಯ ಬಾಗಿಲಿಗೆ ತಮ್ಮ ಆಫೀಸಿನ ನೋಟೀಸು ಅಂಟಿಸಿದ್ದರು. ಕೆಲಸದಲ್ಲಿ ಪೆಟ್ಟಾದವರು ವಾಸಿಯಾಗುವವರೆಗೆ ಕೋಣೆಯಲ್ಲಿ ಇರಬಹುದು, ಆದರೆ ಸ್ವಂತ ಅಜಾಗರೂಕತೆಯಿಂದ ಪೆಟ್ಟು ಮಾಡಿಕೊಂಡವರು ಜನವರಿ ಮೂವತ್ತೊಂದರೊಳಗೆ ಖಾಲಿ ಮಾಡಬೇಕು ಎಂದು. ಅವಳ ಗಂಡ ಕರಿಯ ಪಕ್ಕದ ಗದ್ದೆಗಳಲ್ಲಿ ಹಂದಿ, ಆನೆ ನುಗ್ಗದಂತೆ ಕಾಯುವವನು, ಎಸ್ಟೇಟಿನ ಆಳಲ್ಲ. ಕೋಣೆ ಇರುವುದು ಲಿಂಗಿಯ ಹೆಸರಿನಲ್ಲಿ. ಕಾಲಿಗೆ ಸುಣ್ಣದ ಹಾಗೆ ಬೆಳ್ಳಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದವಳು ಆ ನೋಟೀಸಿನ ಕೆಳಗೆ ಕೂತು, "ನಾನು ನೋಡ್ಕಂಡೇ ನಡೆದದ್ದು ಡಾಕ್ಟ್ರೇ. ನೋಡದೆ ನಡೆದೆ ಅಂತ ಯಾಕೆ ಬರ್ದರು?" ಎಂದು ಕೇಳಿದಳು. ಕೋಣೆ ಹೋಗುವುದಕ್ಕಿಂತ ಆ ಪದವೇ ಅವಳಿಗೆ ಹೆಚ್ಚು ನೋವಾಗಿತ್ತು.

ಬಂಗಲೆಯ ಜಗಲಿಯಲ್ಲಿ ತಾವು ನನ್ನನ್ನು ಮುಕ್ಕಾಲು ಗಂಟೆ ಕಾಯಿಸಿದ್ದು ನನ್ನ ಭಾಗ್ಯ. ಅಷ್ಟು ಹೊತ್ತು ಇಲ್ಲದಿದ್ದರೆ ಆ ಜಗಲಿಯ ಕಟಕಟೆಯನ್ನು ನಾನು ಗಮನಿಸುತ್ತಲೇ ಇರಲಿಲ್ಲ. ಜಗಲಿ ನೆಲದಿಂದ ಎರಡು ಅಡಿ ಎತ್ತರ. ಅದರ ಸುತ್ತ ತೇಗದ ಮರದ ಕಟಕಟೆ, ಮೇಲೊಂದು ಅಡ್ಡಮರ, ನಡುವೊಂದು ಅಡ್ಡಮರ, ಬುಡದಲ್ಲಿ ಏನೂ ಉರುಳಿ ಹೋಗದ ಹಾಗೆ ಒಂದು ಪಟ್ಟಿ. ಅದರೊಳಗೆ ಇಪ್ಪತ್ತೆಂಟು ಹೂಕುಂಡಗಳು ಸಾಲಾಗಿ ಕೂತು ನನ್ನನ್ನೇ ನೋಡುತ್ತಿದ್ದವು. ತಾವು ಹೊರಗೆ ಬಂದಾಗ ನಾನು ಲಿಂಗಿಯ ವಿಷಯ ಹೇಳಿ, ಅಟ್ಟಕ್ಕೂ ಇಂಥದ್ದೇ ಒಂದು ಕಟಕಟೆ ಆಗಬಹುದೇ, ತೇಗ ಬೇಡ, ಕಾಡು ಮರವಾದರೂ ಸಾಕು ಎಂದು ಕೇಳಿಕೊಂಡೆ. ತಾವು ನಕ್ಕು, "ನೋಡಿ ಕಾಂಪೌಂಡರೇ, ಮನುಷ್ಯನಿಗೆ ಕಣ್ಣಿದೆ. ಕುಂಡಕ್ಕೆ ಕಣ್ಣಿಲ್ಲ," ಎಂದು ಅಪ್ಪಣೆ ಕೊಡಿಸಿದಿರಿ.

ಸ್ವಾಮಿ, ಆ ಮಾತನ್ನು ನಾನು ದಾರಿಯುದ್ದಕ್ಕೂ ಯೋಚಿಸಿದೆ. ಆ ಕುಂಡಗಳು ಬೋರ್ಡು ಓದುವುದಿಲ್ಲ. ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಕೊಕ್ಕೆ ಸಿಕ್ಕಿಸುವುದಿಲ್ಲ. ಹಿಂದಿನ ದಿನ ಜ್ವರ ಬಂದಿತ್ತೇ, ಬೆಳಿಗ್ಗೆ ಗಂಜಿ ಕುಡಿದು ಬಂದಿತ್ತೇ ಎಂದು ಯಾರೂ ಅವನ್ನು ಕೇಳುವುದಿಲ್ಲ. ಒಂದು ಕ್ಷಣವೂ ಎಚ್ಚರವಾಗಿರದ ಆ ಇಪ್ಪತ್ತೆಂಟರಲ್ಲಿ ಒಂದೇ ಒಂದು ಕುಂಡವೂ ಒಂಬತ್ತು ವರ್ಷದಲ್ಲಿ ಬಿದ್ದಿಲ್ಲ. ಯಾಕೆಂದರೆ ಎಚ್ಚರವಾಗಿರುವ ಕೆಲಸವನ್ನು ಕಟಕಟೆಯೇ ಮಾಡುತ್ತಿದೆ. ಅದಕ್ಕೆ ಯಾರೂ ಏನೂ ಮಾಡಬೇಕಾಗಿಲ್ಲ. ಅದು ಸುಮ್ಮನೆ ನಿಂತಿರುತ್ತದೆ, ಅಷ್ಟೇ. ಇನ್ನು ಮನುಷ್ಯರ ಕಣ್ಣಿನ ವಿಷಯ. ತಲೆಯ ಮೇಲೆ ಮೂಟೆ ಇಟ್ಟುಕೊಂಡವಳ ಕಣ್ಣು ಎದುರಿಗೆ ಇರುತ್ತದೆಯೇ ಹೊರತು ಪಾದದ ಕಡೆಗೆ ಬಗ್ಗುವುದಿಲ್ಲ. ಬಗ್ಗಿದರೆ ಮೂಟೆ ಬೀಳುತ್ತದೆ, ಆಗ ಅದೂ ಅಜಾಗರೂಕತೆಯೇ ಆಗುತ್ತದೆ. ಆದ್ದರಿಂದ ಪಲ್ಪರ್ ಮನೆಯ ಇಪ್ಪತ್ತಾರು ಹೆಂಗಸರನ್ನು ಹೂಕುಂಡಗಳೆಂದು ಪರಿಗಣಿಸಿ ಆಫೀಸಿನ ಪಟ್ಟಿಗೆ ಸೇರಿಸಿಕೊಳ್ಳಬೇಕೆಂದು ನಾನು ಡಿಸೆಂಬರಿನಲ್ಲಿಯೇ ಅರ್ಜಿ ಕೊಟ್ಟಿದ್ದೆ. ತಮಗೆ ಅದು ತಲುಪಿರಬಹುದು.

ಉತ್ತರ ಬರಲಿಲ್ಲ. ಹುತ್ತರಿ ಹಬ್ಬ ಮುಗಿದ ಮೇಲಿನ ಭಾನುವಾರ ಕರಿಯ ಡಿಸ್ಪೆನ್ಸರಿಯ ಬಾಗಿಲಿಗೆ ಬಂದು ನಿಂತ. ಅವನು ಮಾತು ಕಡಿಮೆಯವನು. "ಸಿಲ್ವರ್ ಮರ ಒಂದು ಬಿದ್ದದೆ ಡಾಕ್ಟ್ರೇ, ತೋಡಿನ ಹತ್ರ. ಕಡೀಲಾ?" ಎಂದ. ಹಳ್ಳದ ಬದಿಯ ಆ ಮರವನ್ನು ಕಡಿ, ಅಟ್ಟಕ್ಕೆ ಕಟಕಟೆ ಕಟ್ಟೋಣ ಎಂದೆ. ಆ ಇಡೀ ದಿನ ಅವನು ಮರ ಸಿಗಿದು ಕಂಬ ನಿಲ್ಲಿಸಿದ, ನಾನು ಬ್ಯಾಂಡೇಜ್ ಸುತ್ತಿ ಪಳಗಿದ ಕೈಯಿಂದ ಬೆತ್ತ ಸುತ್ತಿ ಬಿಗಿದೆ, ಕಮಲ ಅಡ್ಡಮರ ಎತ್ತಿ ಹಿಡಿದಳು. ತಮ್ಮ ಜಗಲಿಯದ್ದನ್ನೇ ನೋಡಿ ಕಲಿತದ್ದು: ಮೇಲೊಂದು, ನಡುವೊಂದು, ಬುಡಕ್ಕೊಂದು ಪಟ್ಟಿ. ಹಲಗೆ ಬಂದು ಸೇರುವ ಕಡೆ ಮಾತ್ರ ಕಟಕಟೆ ಹಾಕಲಾಗುವುದಿಲ್ಲ, ಜನ ಹೋಗಿ ಬರಬೇಕಲ್ಲ. ಕರಿಯ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು ನಿಂತು, ಮನೆಗೆ ಹೋಗಿ ತನ್ನ ಹಂದಿ ಬಲೆ ತಂದ. ಕಾಡುಹಂದಿ ನುಗ್ಗಿದರೂ ಹರಿಯದ ನಾರಿನ ಬಲೆ, ಅವನ ಅಪ್ಪ ಹೆಣೆದದ್ದಂತೆ. ಅದನ್ನು ಹಲಗೆಯ ಕೆಳಗೆ ಎರಡು ಪಕ್ಕಕ್ಕೂ ಬರುವ ಹಾಗೆ ಜೋಲಿಯಂತೆ ಕಟ್ಟಿದ.

ಸೋಮವಾರ ಬೆಳಿಗ್ಗೆ ಇದನ್ನು ಮೊದಲು ನೋಡಿದವರು ಸಿದ್ದರಾಜು ಮೇಸ್ತ್ರಿ. ಅವರ ಹಿರಿಯರು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆ ನಿಂತವರು. ಹದಿನೇಳು ವರ್ಷದ ಸರ್ವೀಸಿನಲ್ಲಿ ತಮ್ಮ ಯಾವ ಮಾತಿಗೂ ಅವರು ಇಲ್ಲ ಎಂದದ್ದು ಯಾರೂ ಕೇಳಿಲ್ಲ. ಅವರಿಗೆ ಸಿಟ್ಟು ಬಂದಿತು. "ಏನ್ರಪ್ಪ ಇದು, ಕುರಿದೊಡ್ಡಿ ಕಟ್ಟಿದೀರಾ? ಮೈಮೇಲೆ ಗ್ಯಾನ ಇದ್ರೆ ಯಾಕ್ ಬೀಳ್ತಾರೆ? ನೋಡ್ರಿ, ನಾನ್ ತೋರಿಸ್ತೀನಿ ಹೆಂಗ್ ನಡೀಬೇಕು ಅಂತ," ಎಂದು ಹಾಜರಿ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು, ಕೈಗಳನ್ನು ಹಿಂದೆ ಕಟ್ಟಿ, ಹಲಗೆಯ ಮೇಲೆ ಠೀವಿಯಿಂದ ನಡೆದು ಹೋದರು. ತುದಿ ಮುಟ್ಟಿ, ನಮ್ಮ ಕಡೆ ತಿರುಗಿ, "ಹಿಂಗೆ" ಎಂದರು. ಹಾಗೆ ಎನ್ನುವಾಗ ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟರು. ಆಮೇಲೆ ನಮಗೆ ಕಂಡದ್ದು ಅವರ ಎರಡು ಪಾದಗಳು.

ಬಲೆ ಒಂದು ಸಲ ಕೆಳಗೆ ಹೋಗಿ ಮೇಲಕ್ಕೆ ಬಂದು ನಿಂತಿತು. ಮೇಸ್ತ್ರಿಯವರು ಅದರೊಳಗೆ ತಲೆಕೆಳಗಾಗಿ, ಹಾಜರಿ ಪುಸ್ತಕವನ್ನು ಮಾತ್ರ ಬಿಡದೆ, ಕೈಕಾಲು ಆಡಿಸುತ್ತಿದ್ದರು. ಕರಿಯ ಹತ್ತಿರ ಹೋಗಿ, "ಹಂದಿ ಬಿದ್ರೂ ಇಷ್ಟು ಒದ್ದಾಡದಿಲ್ಲ ಮೇಸ್ತ್ರಿ. ಸುಮ್ನಿರಿ, ಬಿಡಿಸ್ತೇನೆ," ಎಂದ. ಇಪ್ಪತ್ತೈದು ಹೆಂಗಸರು ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆಯ ಕಡೆ ತಿರುಗಿ ನಿಂತಿದ್ದರು.

ಬಿಡಿಸಿ ಕೂರಿಸಿದ ಮೇಲೆ ನಾನು ಮೈಯೆಲ್ಲ ಮುಟ್ಟಿ ನೋಡಿದೆ, ಒಂದು ಗೀರು ಕೂಡ ಇರಲಿಲ್ಲ. ನೀರು ಕೇಳಿ ಕುಡಿದರು. "ಬಲೆ ಇಲ್ದಿದ್ರೆ ಎಲ್ಲಿಗ್ ಬೀಳ್ತಿದ್ದೆ ಡಾಕ್ಟ್ರೇ?" ಎಂದು ಮೆಲ್ಲಗೆ ಕೇಳಿದರು. ನಾನು ತೋರಿಸಿದೆ. ಅಲ್ಲಿ ಪಲ್ಪರಿನ ಕಬ್ಬಿಣದ ಚಕ್ರ ಇತ್ತು. ಅವರು ಅದನ್ನೇ ನೋಡುತ್ತಾ ಕೂತರು. ನಾಲ್ಕು ಹೆಣ್ಣುಮಕ್ಕಳ ತಂದೆ. ಆ ದಿನ ಅವರು ಯಾರನ್ನೂ ಗದರಿಸಲಿಲ್ಲ. ನನ್ನ ಪುಸ್ತಕದ ಕಾಲಮ್ಮಿನಲ್ಲಿ 'ಬಿದ್ದದ್ದು: ಒಂದು, ಪೆಟ್ಟು: ಮರ್ಯಾದೆಗೆ ಮಾತ್ರ' ಎಂದು ಬರೆದುಕೊಂಡೆ. ಅಲ್ಲಿಂದ ನಾಲ್ಕು ವಾರ ಆ ಕಾಲಂ ಖಾಲಿ. ಹೆಂಗಸರು ಕಟಕಟೆಗೆ ಸೊಂಟ ತಾಗಿಸಿ ಮೂಟೆ ಇಳಿಸುತ್ತಿದ್ದರು, ಜಾರಿದರೆ ಅಡ್ಡಮರ ತಡೆಯುತ್ತಿತ್ತು, ಜಾರಿದ್ದು ಅವರಿಗೇ ಮರೆತುಹೋಗುತ್ತಿತ್ತು.

ಇಂಥ ನೆಮ್ಮದಿಯನ್ನು ತಾವು ಬಹಳ ದಿನ ಸಹಿಸಲಾರಿರಿ ಎಂಬುದು ನಮಗೆ ತಿಳಿದಿರಬೇಕಿತ್ತು. ಈ ತಿಂಗಳು ಹನ್ನೆರಡನೆಯ ತಾರೀಕು ಬುಧವಾರ ತಾವು ಪಲ್ಪರ್ ಮನೆಗೆ ಬಂದಿರಿ. ಮಂಜೂರಾತಿ ಇಲ್ಲದೆ ಕಟ್ಟಿದ್ದು ಮತ್ತು ಎಸ್ಟೇಟಿನ ಸಾಮಾನು ಪಟ್ಟಿಯಲ್ಲಿ ಹಂದಿ ಬಲೆ ಎಂಬ ವಸ್ತುವೇ ಇಲ್ಲದಿರುವುದು, ಈ ಎರಡು ಅಪರಾಧಗಳನ್ನು ತಾವು ಅಲ್ಲಿಯೇ ಕಂಡುಹಿಡಿದಿರಿ. ಎರಡೇ ಮಂತ್ರಿಗಳಿಂದ ಇಡೀ ಕೊಡಗು ರಾಜ್ಯ ನಿಂತಿರುವಾಗ, ಎರಡು ಅಡ್ಡಮರಗಳಿಂದ ಒಂದು ಪಲ್ಪರ್ ಮನೆ ನಿಂತರೆ ತಪ್ಪೇನು ಎಂದು ಕೇಳಬೇಕೆಂದುಕೊಂಡೆ. ತಾವು ಸಿದ್ದರಾಜು ಅವರ ಕಡೆ ತಿರುಗಿ, "ಮೇಸ್ತ್ರಿ, ಸಂಜೆಯೊಳಗೆ ಇದು ಇಲ್ಲಿ ಇರಬಾರದು," ಎಂದಿರಿ.

ಸಿದ್ದರಾಜು ಮೇಸ್ತ್ರಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ನಾನ್ ಬಿಚ್ಚಲ್ಲ ಸ್ವಾಮಿ," ಎಂದರು. ತಮಗೆ ಕೇಳಿಸಲಿಲ್ಲವೇನೋ ಎಂದು ಇನ್ನೊಂದು ಸಲ, ಸ್ವಲ್ಪ ಗಟ್ಟಿಯಾಗಿ, "ಕೆಲಸ ಹೋದ್ರೂ ಹೋಗ್ಲಿ. ನಾನೇ ಬಿದ್ದಿದೀನಿ ಅದರೊಳಕ್ಕೆ. ಬಿಚ್ಚೋರು ಬಿಚ್ಲಿ, ಆಮೇಲೆ ಮೂಟೆ ಹೊರೋರೂ ಅವರೇ ಹೊರ್ಲಿ," ಎಂದರು. ಹೆಂಗಸರು ಒಬ್ಬೊಬ್ಬರಾಗಿ ಮೂಟೆಗಳನ್ನು ಹಲಗೆಯ ಬುಡದಲ್ಲಿ ಇಳಿಸಿದರು. ಯಾರೂ ಕೂಗಲಿಲ್ಲ. ಅಲ್ಲೇ ಕೂತು ಎಲೆಯಡಿಕೆ ತೆಗೆದರು.

ಕೊಯ್ದ ಹಣ್ಣನ್ನು ಅದೇ ದಿನ ಪಲ್ಪರಿಗೆ ಹಾಕದಿದ್ದರೆ ಹುಳಿ ಬಂದು ಇಡೀ ರಾಶಿ ಕೆಡುತ್ತದೆ ಎಂಬುದನ್ನು ತಮಗಿಂತ ಚೆನ್ನಾಗಿ ಬಲ್ಲವರು ಯಾರು? ನಾಲ್ಕು ಗಂಟೆಯ ಹೊತ್ತಿಗೆ ಮೂಟೆಗಳು ಬಾಗಿಲವರೆಗೆ ಬಂದಿದ್ದವು. ತಾವು ಬಂಗಲೆಯಿಂದ ಅಡಿಗೆಯವನನ್ನೂ ತೋಟಗಾರನನ್ನೂ ಕರೆಸಿದಿರಿ. ಅಡಿಗೆಯವನಿಗೆ ತಕ್ಷಣ ಸೊಂಟ ಹಿಡಿದುಕೊಂಡಿತು. ತೋಟಗಾರ ಬರಿಗೈಯಲ್ಲಿ ಅಟ್ಟ ಹತ್ತಿ, ಕೆಳಗೆ ಬಗ್ಗಿ ನೋಡಿ, ಕಟಕಟೆ ಇದ್ದರೆ ಹೊರುತ್ತೇನೆ ಎಂದು ಹೇಳಿ ಇಳಿದುಬಂದ. ಆಗ ತಾವು ಕೋಟು ಬಿಚ್ಚಿದಿರಿ. ಜಾಗರೂಕತೆ ಇರುವವನಿಗೆ ಇದೇನೂ ಬೇಕಿಲ್ಲ ಎಂದು ಹೇಳಿ, ಅತಿ ಚಿಕ್ಕದೊಂದು ಮೂಟೆಯನ್ನು ಆರಿಸಿ ತಲೆಯ ಮೇಲೆ ಇಡಿಸಿಕೊಂಡಿರಿ.

ಮಾನ್ಯರೇ, ಇಲ್ಲಿ ನಾನು ತಮ್ಮನ್ನು ಮನಃಪೂರ್ವಕವಾಗಿ ಹೊಗಳುತ್ತೇನೆ, ಇದರಲ್ಲಿ ವ್ಯಂಗ್ಯವಿಲ್ಲ. ನಾನು ಕಂಡ ಸೂಪರಿಂಟೆಂಡೆಂಟರಲ್ಲಿ ಮೂಟೆ ಹೊತ್ತವರು ತಾವೊಬ್ಬರೇ. ಹಲಗೆಯನ್ನು ಹತ್ತಿದಿರಿ. ಅಟ್ಟ ಮುಟ್ಟಿದಿರಿ. ಲೋಳೆಯ ಮೇಲೆ ತಮ್ಮ ಬೂಟು ಅರ್ಧ ಅಡಿ ಜಾರಿತು. ಮೂಟೆ ಪಕ್ಕಕ್ಕೆ ಉರುಳಿತು. ತಾವು ಎರಡೂ ಕೈಗಳಿಂದ ಕಟಕಟೆಯನ್ನು ತಬ್ಬಿಕೊಂಡಿರಿ. ಅದು ಅಲುಗಲಿಲ್ಲ. ಕರಿಯನ ಕಂಬ ಎರಡು ಅಡಿ ನೆಲದೊಳಗೆ ಇದೆ.

ತಾವು ಹಾಗೆ ಎಷ್ಟು ಹೊತ್ತು ನಿಂತಿದ್ದಿರೋ ನನಗೆ ಲೆಕ್ಕವಿಲ್ಲ. ಯಾರೂ ನಗಲಿಲ್ಲ. ನಗುವಂಥದ್ದು ಏನೂ ಇರಲಿಲ್ಲ, ಅಲ್ಲಿದ್ದವರಿಗೆಲ್ಲ ಆ ಕ್ಷಣ ಹೇಗಿರುತ್ತದೆಂದು ಗೊತ್ತಿತ್ತು. ಒಬ್ಬಳು ಮುದುಕಿ ಹತ್ತಿ ಹೋಗಿ, "ಕೈ ಹಿಡಿರಿ ಸ್ವಾಮಿ, ಮೆಲ್ಲಗೆ," ಎಂದು ತಮ್ಮನ್ನು ಇಳಿಸಿಕೊಂಡು ಬಂದಳು. ತಾವು ಕೋಟು ತೆಗೆದುಕೊಂಡು ಜೀಪು ಹತ್ತಿದಿರಿ. ಹೆಂಗಸರು ಎದ್ದು ಮೂಟೆ ಎತ್ತಿದರು. ದೀಪ ಹಚ್ಚುವ ಹೊತ್ತಿಗೆ ಹಣ್ಣೆಲ್ಲ ಪಲ್ಪರಿಗೆ ಹೋಗಿತ್ತು. ಕಟಕಟೆಯನ್ನು ಕೀಳಿಸಬೇಕೆಂದಾಗಲಿ ಉಳಿಸಬೇಕೆಂದಾಗಲಿ ಇವತ್ತಿನವರೆಗೂ ಆಫೀಸಿನಿಂದ ಏನೂ ಬಂದಿಲ್ಲ. ಅದು ನಿಂತಿದೆ.

ಹೋದ ಭಾನುವಾರ ಲಿಂಗಿ ಅದನ್ನು ನೋಡಲು ಬಂದಳು. ಪ್ಲಾಸ್ಟರ್ ತೆಗೆದಿದ್ದಾರೆ, ಕಾಲು ಸ್ವಲ್ಪ ಸೊಟ್ಟಗಿದೆ, ಕೋಲು ಹಿಡಿದು ನಡೆಯುತ್ತಾಳೆ. ಬೇಡವೆಂದರೂ ಕೇಳದೆ ಹಲಗೆ ಹತ್ತಿದಳು, ಕರಿಯ ಹಿಂದೆಯೇ ಹೋದ. ತಾನು ಬಿದ್ದ ಜಾಗಕ್ಕೆ ಹೋಗಿ, ಕೋಲನ್ನು ಕಂಬಕ್ಕೆ ಒರಗಿಸಿ, ಅಡ್ಡಮರದ ಮೇಲೆ ಕೈಯಾಡಿಸಿದಳು. ಅಳುತ್ತಾಳೆಂದು ನಾನು ಕರ್ಚೀಫು ಹುಡುಕುತ್ತಿದ್ದೆ. ಅವಳು ಗಂಡನ ಕಡೆ ತಿರುಗಿ, "ಗಿಡ್ಡ ಆಯ್ತು. ನಿನ್ನ ಎತ್ತರಕ್ಕೆ ಮಾಡಿದ್ದೀಯ. ಎತ್ತರದ ಹೆಂಗಸರಿಗೆ ಹೊಟ್ಟೆಯ ಕೆಳಗೆ ಬರ್ತದೆ, ಮಗುಚಿ ಬೀಳ್ತಾರೆ. ಒಂದು ಗೇಣು ಏರಿಸು," ಎಂದಳು. ಕರಿಯ ಕತ್ತಿ ತರಲು ಹೋದ. ಸಂಜೆಯೊಳಗೆ ಅದು ಒಂದು ಗೇಣು ಮೇಲೇರಿತು.

ಈಗ ನನ್ನ ಕೋರಿಕೆಗಳಿಗೆ ಬರುತ್ತೇನೆ. ಕಟಕಟೆ ತಮಗೆ ಇಷ್ಟವಿಲ್ಲದಿದ್ದರೆ, ಕೊಯ್ಲಿನ ದಿನಗಳಲ್ಲಿ ಬೆಳಿಗ್ಗೆ ಏಳರಿಂದ ಸಂಜೆ ಆರರವರೆಗೆ ಭೂಮಿಯು ವಸ್ತುಗಳನ್ನು ಕೆಳಕ್ಕೆ ಸೆಳೆಯುವುದನ್ನು ನಿಲ್ಲಿಸುವಂತೆ ತಾವು ಹೆಡ್ ಆಫೀಸಿಗೆ ಬರೆಯಬೇಕು. ಅವರಿಂದ ಒಪ್ಪಿಗೆ ಬರುವುದು ತಡವಾದರೆ, ಅಟ್ಟವನ್ನಾದರೂ ನೆಲದ ಮಟ್ಟಕ್ಕೆ ಇಳಿಸಿ, ಹಣ್ಣುಗಳಿಗೆ ತಾವಾಗಿಯೇ ಮೇಲಕ್ಕೆ ಹಾರುವ ಅಭ್ಯಾಸ ಮಾಡಿಸಬೇಕು. ಇದೆರಡೂ ಕಷ್ಟವೆಂದು ತಮಗೆ ತೋರಿದರೆ ಮೂರನೆಯದು ಬಹಳ ಸುಲಭ. ನಿನ್ನೆ ಸಿದ್ದರಾಜು ಮೇಸ್ತ್ರಿಯವರು ಅಪಘಾತದ ರಿಜಿಸ್ಟರನ್ನು ನನ್ನ ಮೇಜಿನ ಮೇಲೆ ಇಟ್ಟು ಬಿಡಿಸಿದರು. ಲಿಂಗಿಯ ಹೆಸರಿನ ಮುಂದೆ ಅಂದು ಮೇಸ್ತ್ರಿಯವರೇ ಬರೆದಿದ್ದ 'ಅಜಾಗರೂಕತೆ'ಯ ಮೇಲೆ ನೇರವಾಗಿ ಒಂದು ಗೆರೆ ಎಳೆದಿದ್ದರು. ಅದರ ಕೆಳಗೆ ಅವರ ದುಂಡು ಅಕ್ಷರದಲ್ಲಿ ಹೊಸದಾಗಿ ಬರೆದದ್ದು: 'ಕಾರಣ: ಕಟಕಟೆ ಇರಲಿಲ್ಲ.' ಪಕ್ಕದಲ್ಲಿ ಅವರ ಸಹಿ, ಸಾಕ್ಷಿಯಾಗಿ ನನ್ನ ಸಹಿ, ಇಪ್ಪತ್ತೈದು ಹೆಬ್ಬೆಟ್ಟು. ಸೂಪರಿಂಟೆಂಡೆಂಟರ ಸಹಿಗೆ ಜಾಗ ಬಿಟ್ಟಿದ್ದೇವೆ. ತಾವು ಅಲ್ಲಿ ಸಹಿ ಮಾಡಿದರೆ ಬಾಗಿಲಿನ ನೋಟೀಸು ತಾನಾಗಿಯೇ ರದ್ದಾಗುತ್ತದೆ, ಲಿಂಗಿ ಕೋಣೆಯಲ್ಲಿ ಉಳಿಯುತ್ತಾಳೆ, ಕಾಲು ಬಲವಾಗುವವರೆಗೆ ಕೂತು ಹಣ್ಣು ಆರಿಸುವ ಕೆಲಸವನ್ನು ಮೇಸ್ತ್ರಿಯವರು ಕೊಡುತ್ತಾರೆ.

ತಾವು ಆ ದಿನ ಕಟಕಟೆಯನ್ನು ಹಿಡಿದುಕೊಂಡ ಕೈಯಿಂದಲೇ ಈ ಸಹಿಯನ್ನೂ ಮಾಡುವಿರೆಂದು ನಂಬಿರುವ,

ಇಷ್ಟೆಲ್ಲ ಆದಮೇಲೂ ತಮ್ಮ ವಿಶ್ವಾಸಿಯಾಗಿಯೇ ಉಳಿದ
ಪೂವಯ್ಯ, ಕಾಂಪೌಂಡರ್

ವಿ.ಸೂ.: ಈ ಪತ್ರ ಬಹಿರಂಗವಾಗಿರುವುದಕ್ಕೆ ಕ್ಷಮೆಯಿರಲಿ. ಕೊನೆಯ ಸುತ್ತಿನ ಕೊಯ್ಲು ಸೋಮವಾರ ಬೆಳಿಗ್ಗೆ ಆರಂಭವಾಗುತ್ತದೆಂದು ಮೇಸ್ತ್ರಿಯವರು ತಮಗೆ ನೆನಪಿಸಲು ಹೇಳಿದ್ದಾರೆ. ಹೆಂಗಸರು ಕೆಲಸಕ್ಕೆ ಬರುತ್ತಾರೆ, ಕೊಯ್ಯುತ್ತಾರೆ, ಮೂಟೆಗಳನ್ನು ಹಲಗೆಯ ಬುಡದವರೆಗೆ ತಂದು ಇಳಿಸುತ್ತಾರೆ, ರಿಜಿಸ್ಟರು ಅಲ್ಲಿಯೇ ಬಿಡಿಸಿಟ್ಟಿರುತ್ತದೆ. ತಮಗೆ ಅವಸರವೇನೂ ಇಲ್ಲ. ಹಣ್ಣು ಕಾಯುವುದಿಲ್ಲ, ನಾವು ಕಾಯುತ್ತೇವೆ.